ಗಾಲ್ಫ್ ಸ್ವಿಂಗ್‌ನಲ್ಲಿ ಸೊಂಟ ಮತ್ತು ಕಾಲುಗಳ ಚಲನೆ: ಅಧ್ಯಯನ ಟಿಪ್ಪಣಿ

ಕೋಲಾರದ ಕಡೆ ದೈಹಿಕ ಶಿಕ್ಷಣ ಓದುತ್ತಿರುವ ನಮ್ಮಂಥವರಿಗೆ ಗಾಲ್ಫ್ ದೂರದ ಆಟದಂತೆ ಕಾಣುವುದು ಸಹಜ. ಕೆ.ಜಿ.ಎಫ್.ನಲ್ಲಿ ಬ್ರಿಟಿಷರ ಗಣಿಗಾರಿಕೆಯ ಕಾಲದಿಂದಲೇ ಗಾಲ್ಫ್ ಮೈದಾನವಿದ್ದರೂ ಜಿಲ್ಲೆಯ ಹುಡುಗ ಹುಡುಗಿಯರು ಆಡಿ ಬೆಳೆಯುವುದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ಗಳನ್ನು. ಆದರೂ ಚಲನಶಾಸ್ತ್ರದ ಪಾಠಕ್ಕೆ ಗಾಲ್ಫ್ ಸ್ವಿಂಗ್‌ನಷ್ಟು, ಅಂದರೆ ಕ್ಲಬ್ ಎಂಬ ಕೋಲನ್ನು ಬೀಸಿ ಚೆಂಡು ಹೊಡೆಯುವ ಕ್ರಿಯೆಯಷ್ಟು, ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ. ಚೆಂಡು ಕದಲದೆ ಕಾಯುತ್ತಿರುತ್ತದೆ, ಪಾದಗಳು ಬಹುಮಟ್ಟಿಗೆ ಇಟ್ಟಲ್ಲೇ ಇರುತ್ತವೆ, ಎದುರಾಳಿಯ ಅಡ್ಡಿ ಇರುವುದಿಲ್ಲ. ಹೀಗಾಗಿ ನೆಲದಿಂದ ಹೊರಟ ಬಲವು ಕಾಲು, ಸೊಂಟ, ಎದೆ, ತೋಳುಗಳನ್ನು ದಾಟಿ ಕ್ಲಬ್‌ನ ತುದಿಯನ್ನು ಮುಟ್ಟುವ ಬಗೆಯನ್ನು ಬಿಡಿಸಿ ನೋಡಬಹುದು. ಇಲ್ಲಿನ ವಿವರಣೆಯೆಲ್ಲ ಬಲಗೈ ಆಟಗಾರನಿಗೆ ಸಂಬಂಧಿಸಿದ್ದು. ಅವನ ಎಡಗಾಲು ಗುರಿಯ ಕಡೆಗಿರುತ್ತದೆ. ಎಡಗೈ ಆಟಗಾರರು ಎಡ ಬಲಗಳನ್ನು ಅದಲು ಬದಲು ಮಾಡಿ ಓದಿಕೊಳ್ಳಬೇಕು.

ಹೊಸಬರಿಗೆ ಮೈದಾನದಲ್ಲಿ ಮೊದಲು ಸಿಗುವ ಸೂಚನೆ ‘ಸೊಂಟ ತಿರುಗಿಸು’ ಎಂಬುದು. ಸೂಚನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಸೊಂಟವು ತಾನೇ ತಾನಾಗಿ ತಿರುಗುವ ಅಂಗವಲ್ಲ. ಎರಡು ಕಾಲುಗಳು ನೆಲವನ್ನು ಬೇರೆ ಬೇರೆ ದಿಕ್ಕಿಗೆ ಒತ್ತಿದಾಗ ಅದು ತಿರುಗಿಸಲ್ಪಡುತ್ತದೆ. ಎಡಗಾಲಿನ ಕೆಲಸ ಮತ್ತು ಬಲಗಾಲಿನ ಕೆಲಸ ಒಂದೇ ಅಲ್ಲ ಎಂಬುದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ತಿರುಗುವುದು ಯಾವ ಕೀಲು?

ಶ್ರೋಣಿಯು, ಅಂದರೆ ಸೊಂಟದ ಮೂಳೆಗಳ ಬಳೆಯು, ಎರಡು ತೊಡೆಮೂಳೆಗಳ ದುಂಡನೆಯ ತಲೆಗಳ ಮೇಲೆ ನಿಂತಿದೆ. ಈ ಚೆಂಡು–ಗುಳಿ ಕೀಲು ಎಲ್ಲ ದಿಕ್ಕಿಗೂ ಚಲಿಸಬಲ್ಲದು, ಮತ್ತು ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 35ರಿಂದ 45 ಡಿಗ್ರಿಯವರೆಗೆ ಒಳಕ್ಕೆ ತಿರುಗುತ್ತದೆ. ಇದಕ್ಕೆ ಹೋಲಿಸಿದರೆ ಕೆಳಬೆನ್ನಿನ ಐದು ಕಶೇರುಕಗಳು ಒಟ್ಟು ಸೇರಿಯೂ ಒಂದು ಬದಿಗೆ ಸುಮಾರು 10 ಡಿಗ್ರಿಯಷ್ಟು ಮಾತ್ರ ತಿರುಗಬಲ್ಲವು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸೊಂಟದ ಕೀಲು ತನ್ನ ಪಾಲಿನ ತಿರುವನ್ನು ಕೊಡದೆ ಹೋದರೆ ಆ ಹೊರೆ, ತಿರುಗುವುದಕ್ಕೆಂದು ರಚನೆಯಾಗದ ಕೆಳಬೆನ್ನಿನ ಮೇಲೆ ಬೀಳುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಎಡವುವ ಒಂದು ಜಾಗವಿದೆ. ಪುಸ್ತಕದ ಚಿತ್ರಗಳಲ್ಲಿ ಶ್ರೋಣಿ ಸ್ಥಿರವಾಗಿದ್ದು ತೊಡೆ ತಿರುಗುತ್ತದೆ. ಗಾಲ್ಫ್‌ನಲ್ಲಿ ಪಾದ ನೆಲ ಹಿಡಿದಿರುವುದರಿಂದ ತೊಡೆಯ ಮೇಲೆ ಶ್ರೋಣಿಯೇ ತಿರುಗುತ್ತದೆ. ಆದ್ದರಿಂದ ಶ್ರೋಣಿಯು ಬಲಕ್ಕೆ ಹೊರಳಿದರೆ ಬಲ ಸೊಂಟದ ಕೀಲಿನಲ್ಲಿ ಒಳತಿರುವು ಉಂಟಾಗುತ್ತದೆ, ಎಡಕ್ಕೆ ಹೊರಳಿದರೆ ಎಡ ಕೀಲಿನಲ್ಲಿ. ಬ್ಯಾಕ್‌ಸ್ವಿಂಗ್‌ಗೆ (ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಹಂತಕ್ಕೆ) ಬಲ ಕೀಲು, ಹೊಡೆತಕ್ಕೆ ಎಡ ಕೀಲು ಎಂದು ನೆನಪಿಟ್ಟುಕೊಂಡರೆ ಸಾಕು.

ನಿಲುವು ಮತ್ತು ಬ್ಯಾಕ್‌ಸ್ವಿಂಗ್

ನಿಲುವಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಧ್ಯಮ ಐರನ್ ಕ್ಲಬ್‌ಗೆ ಪಾದಗಳ ನಡುವೆ ಭುಜದಷ್ಟು ಅಂತರ, ದೂರ ಹೊಡೆಯಲು ಬಳಸುವ ಉದ್ದನೆಯ ಕ್ಲಬ್ಬಾದ ಡ್ರೈವರ್‌ಗೆ ಅದಕ್ಕಿಂತ ತುಸು ಹೆಚ್ಚು. ಮಂಡಿಗಳಲ್ಲಿ ಸ್ವಲ್ಪ ಬಾಗು. ಮೈ ಬಾಗುವುದು ಬೆನ್ನಿನಿಂದಲ್ಲ, ತೊಡೆ ಮತ್ತು ಸೊಂಟ ಕೂಡುವ ಸಂದಿನಿಂದ. ಭಾರ ಅಂಗಾಲಿನ ನಡುಭಾಗದ ಮೇಲೆ. ಎಡಪಾದದ ತುದಿಯನ್ನು ಗುರಿಯ ಕಡೆಗೆ ಸ್ವಲ್ಪ ಹೊರಳಿಸಿ ಇಡುವ ರೂಢಿಗೂ ಕಾರಣವಿದೆ, ಅದು ಕೊನೆಯಲ್ಲಿ ಸ್ಪಷ್ಟವಾಗುತ್ತದೆ.

ಕ್ಲಬ್ ಹಿಂದಕ್ಕೆ ಹೊರಟಾಗ ಒತ್ತಡವು ಬಲಪಾದಕ್ಕೆ ಬೇಗನೆ ಸಾಗುತ್ತದೆ. ಬಲಮಂಡಿಯ ಬಾಗು ಸ್ವಲ್ಪ ಕಡಿಮೆಯಾಗುತ್ತದೆ, ಎಡಮಂಡಿಯ ಬಾಗು ಹೆಚ್ಚುತ್ತದೆ, ಬಲಸೊಂಟ ಹಿಂದಕ್ಕೂ ತುಸು ಮೇಲಕ್ಕೂ ಹೋಗುತ್ತದೆ, ಎಡಸೊಂಟ ಮುಂದಕ್ಕೂ ತುಸು ಕೆಳಕ್ಕೂ ಬರುತ್ತದೆ. ಮೈ ಮುಂದಕ್ಕೆ ಬಾಗಿರುವಾಗ ತಿರುವಿನ ಅಕ್ಷವೂ ಓರೆಯಾಗಿರುವುದೇ ಈ ಏರಿಳಿತಕ್ಕೆ ಕಾರಣ. ಸೊಂಟವನ್ನು ನೆಲಕ್ಕೆ ಸಮಾನಾಂತರವಾಗಿ ತಿರುಗಿಸಬೇಕೆಂದು ಹಟ ಹಿಡಿಯುವವರು ಇದನ್ನು ಗಮನಿಸಬೇಕು. ಬಲಮಂಡಿಯನ್ನು ಆರಂಭದ ಬಾಗಿನಲ್ಲೇ ಬಿಗಿಹಿಡಿಯಬೇಕೆಂಬ ಸಲಹೆ ಬಹುಕಾಲದಿಂದ ಚಾಲ್ತಿಯಲ್ಲಿದೆ, ಆದರೆ ಬಿಗಿಯಾದ ಮಂಡಿಯು ಸೊಂಟದ ತಿರುವನ್ನು ತಡೆಯುತ್ತದೆ ಎಂಬ ಕಾರಣಕ್ಕೆ ಅದನ್ನು ಎಲ್ಲರಿಗೂ ಹೇಳಿಕೊಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಹಿಮ್ಮಡಿಯನ್ನೇ ನೆಲದಿಂದ ಎತ್ತುತ್ತಿದ್ದರು. ಸೊಂಟಕ್ಕೆ ಬೇಕಾದ ಸಡಿಲವನ್ನು ಅವರು ಕಾಲಿನಿಂದಲೇ ಪಡೆದರು.

ನುರಿತ ಆಟಗಾರರಲ್ಲಿ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಸುಮಾರು 45 ಡಿಗ್ರಿ ತಿರುಗಿರುತ್ತವೆ. ಈ ಎರಡರ ವ್ಯತ್ಯಾಸಕ್ಕೆ ಅಮೆರಿಕದ ತರಬೇತುದಾರ ಜಿಮ್ ಮೆಕ್ಲೀನ್ 1992ರಲ್ಲಿ ‘ಎಕ್ಸ್ ಫ್ಯಾಕ್ಟರ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಅದಾದ ಮೇಲೆ ಅನೇಕರು ವ್ಯತ್ಯಾಸವನ್ನು ಹಿಗ್ಗಿಸುವ ಆಸೆಯಿಂದ ಸೊಂಟವನ್ನು ಕಟ್ಟಿಹಾಕಿ ಭುಜವನ್ನಷ್ಟೇ ತಿರುಗಿಸತೊಡಗಿದರು. ಮೈ ಅಷ್ಟು ಸಡಿಲವಿಲ್ಲದ ಸಾಮಾನ್ಯ ಆಟಗಾರನಿಗೆ ಇದರಿಂದ ವೇಗ ಸಿಗುವುದಕ್ಕಿಂತ ಬೆನ್ನುನೋವು ಬರುವ ಸಂಭವವೇ ಹೆಚ್ಚು.

ದಿಕ್ಕು ಬದಲಾಗುವ ಗಳಿಗೆ

ಇಡೀ ಸ್ವಿಂಗ್‌ನಲ್ಲಿ ಹೆಚ್ಚು ಓದಿಗೆ ಅರ್ಹವಾದ ಭಾಗ ಇದೇ. ನೋಡುವವರಿಗೆ ಕ್ಲಬ್ ಮೇಲೆ ಹೋಗಿ, ನಿಂತು, ಆಮೇಲೆ ಕೆಳಗಿಳಿಯುವಂತೆ ಕಾಣುತ್ತದೆ. ವಾಸ್ತವದಲ್ಲಿ ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಪಾದದ ಒತ್ತಡ ಎಡಗಡೆಗೆ ಮರಳಲು ಆರಂಭಿಸಿರುತ್ತದೆ, ಸೊಂಟವೂ ಗುರಿಯ ಕಡೆಗೆ ಹೊರಟಿರುತ್ತದೆ. ಮೇಲ್ಭಾಗ ಒಂದು ಕಡೆಗೆ, ಕೆಳಭಾಗ ಇನ್ನೊಂದು ಕಡೆಗೆ ಸಾಗುವ ಈ ಕ್ಷಣದಲ್ಲಿ ಹೊಟ್ಟೆ ಮತ್ತು ಬೆನ್ನಿನ ಓರೆ ಸ್ನಾಯುಗಳು ಎಳೆಯಲ್ಪಡುತ್ತವೆ. ಎಳೆದ ಸ್ನಾಯು ಕೂಡಲೇ ಸಂಕುಚಿಸಿದರೆ ಹೆಚ್ಚು ಬಲ ಕೊಡುತ್ತದೆ ಎಂಬ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಎಡಮಂಡಿ ಗುರಿಯ ಕಡೆಗೆ ಸರಿದು ತೊಡೆಗಳ ನಡುವಿನ ಅಂತರ ಹೆಚ್ಚುವುದರಿಂದ ಆಟಗಾರ ಒಂದು ಗಳಿಗೆ ಕುಕ್ಕರಗಾಲಿಗೆ ಇಳಿಯುತ್ತಿರುವಂತೆ ಕಾಣುತ್ತಾನೆ. ಮೇಲಕ್ಕೆ ಹಾರುವ ಮುನ್ನ ಯಾರೇ ಆದರೂ ಮಂಡಿ ಬಗ್ಗಿಸುತ್ತಾರಲ್ಲ, ಅದೇ ಸಿದ್ಧತೆ ಇದು.

ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದ ಅಧ್ಯಯನಗಳು ಈ ಹಂತದಲ್ಲಿ ಎರಡು ಗುಂಪುಗಳನ್ನು ಗುರುತಿಸಿವೆ: ಬಲಗಾಲಿನ ನಿತಂಬದ ದೊಡ್ಡ ಸ್ನಾಯು ಮತ್ತು ಹಿಂದೊಡೆಯ ಸ್ನಾಯುಗಳು ಒಂದು ಕಡೆ, ಎಡಗಾಲಿನ ಒಳತೊಡೆಯ ದೊಡ್ಡ ಸ್ನಾಯು ಇನ್ನೊಂದು ಕಡೆ. ಬಲಗಡೆಯವು ತಳ್ಳುತ್ತವೆ, ಎಡಗಡೆಯದು ಎಳೆದುಕೊಳ್ಳುತ್ತದೆ.

ಡೌನ್‌ಸ್ವಿಂಗ್: ಜೋಡಿ ಬಲ

ಇನ್ನು ಡೌನ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಚೆಂಡಿನತ್ತ ಇಳಿದು ಬರುವಾಗ, ಪಾದಗಳ ಕೆಳಗೆ ನಡೆಯುವುದನ್ನು ನೋಡೋಣ. ಬಲಪಾದವು ನೆಲವನ್ನು ಹಿಮ್ಮಡಿಯ ದಿಕ್ಕಿಗೆ, ಅಂದರೆ ಆಟಗಾರನ ಬೆನ್ನಿನ ಕಡೆಗೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲ ಅದನ್ನು ಮುಂದಕ್ಕೆ, ಚೆಂಡಿನ ಕಡೆಗೆ ತಳ್ಳುತ್ತದೆ. ಎಡಪಾದವು ನೆಲವನ್ನು ಬೆರಳುಗಳ ದಿಕ್ಕಿಗೆ ಒತ್ತುವುದರಿಂದ ಎಡಸೊಂಟ ಹಿಂದಕ್ಕೆ ಹೋಗುತ್ತದೆ. ಮಜ್ಜಿಗೆ ಕಡೆಯುವಾಗ ಹಗ್ಗದ ಒಂದು ತುದಿಯನ್ನು ಎಳೆದು ಇನ್ನೊಂದನ್ನು ಬಿಟ್ಟುಕೊಟ್ಟರೆ ಕಡೆಗೋಲು ತಾನಿದ್ದಲ್ಲೇ ತಿರುಗುವಂತೆ, ಪರಸ್ಪರ ವಿರುದ್ಧವಾದ ಈ ಎರಡು ಬಲಗಳು ಶ್ರೋಣಿಯನ್ನು ಎಡಕ್ಕೆ ತಿರುಗಿಸುತ್ತವೆ. ಇದಕ್ಕೆ ಭೌತಶಾಸ್ತ್ರದಲ್ಲಿ ಬಲಯುಗ್ಮ ಎನ್ನುತ್ತಾರೆ. ಒಂದೇ ಕಾಲಿನಿಂದ ತಳ್ಳಿದರೆ ಸೊಂಟ ತಿರುಗುವುದಕ್ಕಿಂತ ಹೆಚ್ಚಾಗಿ ಸರಿದುಹೋಗುತ್ತದೆ.

ಇದರ ಜೊತೆಗೇ ಎಡಗಾಲು ನೇರವಾಗತೊಡಗುತ್ತದೆ. ಬಗ್ಗಿದ್ದ ಮಂಡಿ ಚಾಚಿಕೊಳ್ಳುವಾಗ ಎಡಪಾದದ ಕೆಳಗಿನ ಲಂಬ ಬಲವು ದೇಹತೂಕವನ್ನೂ ಮೀರಬಲ್ಲದು, ಮತ್ತು ಈ ಬಲದ ಶಿಖರ ಕ್ಲಬ್ ಚೆಂಡಿಗೆ ತಾಗುವ ಮುನ್ನವೇ ಬಂದುಹೋಗುತ್ತದೆ. ಚೆಂಡಿಗೆ ತಾಗುವ ಗಳಿಗೆಯಲ್ಲಿ ಜೋರಾಗಿ ಒತ್ತಬೇಕೆಂದು ಭಾವಿಸುವವರು ಆದ್ದರಿಂದ ಯಾವಾಗಲೂ ತಡವಾಗಿ ಒತ್ತುತ್ತಾರೆ.

ಗಟ್ಟಿಯಾಗಿ ನಿಂತ ಎಡಗಾಲಿನಿಂದ ಇನ್ನೊಂದು ಉಪಯೋಗವಿದೆ. ಸೊಂಟದ ವೇಗ ಮೊದಲು ಗರಿಷ್ಠಕ್ಕೇರಿ ಇಳಿಯುತ್ತದೆ, ಆಮೇಲೆ ಎದೆಯದು, ಆಮೇಲೆ ತೋಳಿನದು, ಕಟ್ಟಕಡೆಗೆ ಕ್ಲಬ್‌ನದು. ಒಂದೊಂದು ಭಾಗವೂ ನಿಧಾನವಾಗುತ್ತ ತನ್ನ ವೇಗವನ್ನು ಮುಂದಿನ ಭಾಗಕ್ಕೆ ದಾಟಿಸುತ್ತದೆ. ಸೊಂಟಕ್ಕೆ ತಡೆ ಹಾಕುವುದರಲ್ಲಿ ಎಡಗಾಲಿನ ಪಾಲು ದೊಡ್ಡದು. ಸೊಂಟವನ್ನು ಕೊನೆಯವರೆಗೂ ಜೋರಾಗಿ ತಿರುಗಿಸುತ್ತಲೇ ಇರಬೇಕೆಂಬ ಕಲ್ಪನೆ ಹೀಗಾಗಿ ನಿಲ್ಲುವುದಿಲ್ಲ. ಚೆಂಡಿಗೆ ತಾಗುವ ಹೊತ್ತಿಗೆ ನುರಿತ ಆಟಗಾರನ ಸೊಂಟ ಗುರಿಯ ಕಡೆಗೆ ಸುಮಾರು 40 ಡಿಗ್ರಿ ತೆರೆದಿರುತ್ತದೆ, ಎಡಮಂಡಿ ಬಹುತೇಕ ನೇರವಾಗಿರುತ್ತದೆ, ಬಲ ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಡೌನ್‌ಸ್ವಿಂಗ್ ಪೂರ್ತಿ ಸುಮಾರು ಕಾಲು ಸೆಕೆಂಡಿನಲ್ಲಿ ಮುಗಿಯುವುದರಿಂದ ಇದನ್ನೆಲ್ಲ ಆ ಕ್ಷಣದಲ್ಲಿ ಯೋಚಿಸಿ ಮಾಡಲಾಗದು. ಕ್ಲಬ್ ಇಲ್ಲದೆ, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ನಿಧಾನವಾಗಿ ಕ್ರಮವನ್ನು ಮೈಗೂಡಿಸಿಕೊಳ್ಳುವುದೇ ದಾರಿ.

ಕ್ರಿಕೆಟ್‌ನಿಂದ ಬಂದವರಿಗೆ ಒಂದು ಮಾತು. ಸ್ಟ್ರೈಟ್ ಡ್ರೈವ್ ಹೊಡೆಯುವಾಗ ಮುಂದಿನ ಕಾಲನ್ನು ಚೆಂಡಿನತ್ತ ಇಟ್ಟು ಆ ಮಂಡಿಯನ್ನು ಬಗ್ಗಿಸಿಯೇ ಭಾರ ಹಾಕಬೇಕೆಂದು ನಾವೆಲ್ಲ ಕಲಿತಿದ್ದೇವೆ. ಗಾಲ್ಫ್‌ನಲ್ಲಿಯೂ ಎಡಮಂಡಿಯನ್ನು ಹಾಗೆಯೇ ಬಗ್ಗಿಸಿ ಉಳಿಸಿಕೊಂಡರೆ ಸೊಂಟಕ್ಕೆ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಅದು ಗುರಿಯ ಕಡೆಗೆ ಜಾರುತ್ತದೆ, ಚೆಂಡು ಬಲಗಡೆಗೆ ಹೋಗುತ್ತದೆ ಅಥವಾ ಕೈಗಳು ಗಡಿಬಿಡಿಯಿಂದ ಸರಿಪಡಿಸಲು ಹೋಗಿ ಎಡಗಡೆಗೆ ಎಳೆದುಬಿಡುತ್ತವೆ.

ಸಾಮಾನ್ಯ ತಪ್ಪುಗಳು ಮತ್ತು ಗಾಯ

ತಪ್ಪುಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಬ್ಯಾಕ್‌ಸ್ವಿಂಗ್‌ನಲ್ಲಿ ಸೊಂಟ ತಿರುಗುವ ಬದಲು ಬಲಕ್ಕೆ ವಾಲುವುದು. ಆಗ ಭಾರ ಬಲಪಾದದ ಹೊರ ಅಂಚಿಗೆ ಹೋಗುತ್ತದೆ, ಮರಳಿ ಬರಲು ಹೊತ್ತು ಸಾಲುವುದಿಲ್ಲ. ಬಲಸೊಂಟದ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಅದಕ್ಕೆ ತಗಲದಂತೆ ತಿರುಗುವುದನ್ನು ಅಭ್ಯಾಸ ಮಾಡಿದರೆ ಇದು ಬೇಗ ಹತೋಟಿಗೆ ಬರುತ್ತದೆ. ಎರಡನೆಯದು ಡೌನ್‌ಸ್ವಿಂಗ್‌ನಲ್ಲಿ ಸೊಂಟ ಚೆಂಡಿನ ಕಡೆಗೆ ನುಗ್ಗಿ ಮೈ ಅಕಾಲದಲ್ಲಿ ನೆಟ್ಟಗಾಗುವುದು. ಎಡಗಾಲು ಚಾಚಿಕೊಳ್ಳಬೇಕು ಎಂದು ಮೇಲೆ ಹೇಳಿದ್ದನ್ನು ಅರ್ಧ ಓದಿದವರಲ್ಲಿ ಈ ತಪ್ಪು ಬರುವುದುಂಟು: ಚಾಚುವಿಕೆಯು ಎಡಸೊಂಟವನ್ನು ಹಿಂದಕ್ಕೆ ಒಯ್ಯಬೇಕೇ ಹೊರತು ಎರಡೂ ಸೊಂಟಗಳನ್ನು ಮುಂದಕ್ಕೆ ತಳ್ಳಬಾರದು. ಗೋಡೆಗೆ ಹಿಂಭಾಗ ತಾಗಿಸಿ ನಿಂತು, ಬ್ಯಾಕ್‌ಸ್ವಿಂಗ್‌ನಲ್ಲಿ ಬಲಪೃಷ್ಠವೂ ಆಮೇಲೆ ಎಡಪೃಷ್ಠವೂ ಗೋಡೆಯನ್ನು ಮುಟ್ಟುತ್ತಿವೆಯೇ ಎಂದು ನೋಡಿಕೊಳ್ಳಬಹುದು.

ಹೊಡೆತ ಮುಗಿದು ಹೊಟ್ಟೆ ಗುರಿಯ ಕಡೆ ಮುಖಮಾಡುವಾಗ ಎಡ ಸೊಂಟದ ಕೀಲು ತನ್ನ ಒಳತಿರುವಿನ ಮಿತಿಯನ್ನು ಸಮೀಪಿಸುತ್ತದೆ. ಕೆಳಬೆನ್ನಿನ ನೋವಿರುವ ವೃತ್ತಿಪರ ಆಟಗಾರರಲ್ಲಿ ಈ ಎಡ ಕೀಲಿನ ಒಳತಿರುವು ಕಡಿಮೆಯಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಎಡಮಂಡಿಗೂ ಹೊರೆ ಕಡಿಮೆಯಲ್ಲ: ಚೆಂಡು ಹೊಡೆಯುವಾಗ ಎಡಗಾಲನ್ನು ಝಾಡಿಸಿ ನೇರಮಾಡುತ್ತಿದ್ದ ಟೈಗರ್ ವುಡ್ಸ್ 2008ರ ಯು.ಎಸ್. ಓಪನ್ ಗೆದ್ದದ್ದು ಅದೇ ಮಂಡಿಯ ಗಾಯದೊಂದಿಗೆ, ಮತ್ತು ಅದರ ಬೆನ್ನಲ್ಲೇ ಅವರಿಗೆ ಮಂಡಿಯ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆ ಆಯಿತು.

ಒಳತಿರುವನ್ನು ಪರೀಕ್ಷಿಸಲು ಎತ್ತರದ ಬೆಂಚಿನ ಮೇಲೆ ಕುಳಿತು, ಮಂಡಿಯನ್ನು 90 ಡಿಗ್ರಿ ಬಗ್ಗಿಸಿ, ತೊಡೆ ಕದಲದಂತೆ ಪಾದವನ್ನು ಹೊರಗಡೆಗೆ ಎತ್ತಬೇಕು. ಪಾದ ಹೊರಕ್ಕೆ ಹೋದಷ್ಟೂ ತೊಡೆಮೂಳೆ ಒಳಕ್ಕೆ ತಿರುಗಿರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವಿರುವ ನಮಗೆ ಸೊಂಟ ಸಡಿಲವಾಗಿಯೇ ಇದೆ ಎಂಬ ನಂಬಿಕೆಯಿರುತ್ತದೆ, ಆದರೆ ಆ ಭಂಗಿಯಲ್ಲಿ ಕೀಲು ಹೊರಕ್ಕೆ ತಿರುಗಿರುತ್ತದೆ; ಒಳತಿರುವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಎಡಗಡೆ ಕಡಿಮೆ ಬಂದವರು ಎಡಪಾದವನ್ನು ಗುರಿಯ ಕಡೆಗೆ 20ರಿಂದ 30 ಡಿಗ್ರಿ ಹೊರಳಿಸಿ ನಿಲ್ಲಬೇಕು, ಆಗ ಅದೇ ಸೊಂಟದ ತಿರುವಿಗೆ ಕೀಲಿನಲ್ಲಿ ಬೇಕಾದ ಒಳತಿರುವು ಅಷ್ಟರಮಟ್ಟಿಗೆ ತಗ್ಗುತ್ತದೆ. ಬಲಗಡೆ ಕಡಿಮೆ ಬಂದವರಿಗೆ ಇದೇ ಉಪಾಯ ಬಲಪಾದದಲ್ಲಿ.

ನಮ್ಮ ಕಡೆಯ ಬೇಸಿಗೆಯ ಗಟ್ಟಿ ಕೆಂಪುನೆಲದ ಮೇಲೆ ಸಣ್ಣ ಜಲ್ಲಿ ಹರಡಿರುವಾಗ ಸವೆದ ಕ್ಯಾನ್ವಾಸ್ ಬೂಟು ಹಾಕಿ ಇದನ್ನು ಅಭ್ಯಾಸ ಮಾಡುವುದು ವ್ಯರ್ಥ, ಯಾಕೆಂದರೆ ಬಲಯುಗ್ಮಕ್ಕೆ ಬೇಕಾದ ಅಡ್ಡ ಬಲಗಳೆಲ್ಲ ಘರ್ಷಣೆಯಿಂದ ಹುಟ್ಟಬೇಕು. ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರ ಸ್ಕಾಟಿ ಶೆಫ್ಲರ್ ಅವರ ಪಾದಗಳು ಹೊಡೆತದಲ್ಲಿ ಜಾರುವುದನ್ನು ವಿಡಿಯೊದಲ್ಲಿ ನೋಡಿದವರು ಇದಕ್ಕೆ ಆಕ್ಷೇಪ ಎತ್ತಬಹುದು. ಅವರ ಪಾದ ಜಾರುವುದು ನೆಲವನ್ನು ಒತ್ತುವ ಕೆಲಸ ಬಹುಪಾಲು ಮುಗಿದ ಮೇಲೆ. ಹಿಡಿತವಿಲ್ಲದ ಬೂಟು ಜಾರುವುದು ಒತ್ತುವುದಕ್ಕೂ ಮೊದಲು. ಹುಲ್ಲುನೆಲ ಸಿಗದಿದ್ದರೆ ಒರಟು ರಬ್ಬರ್ ಮ್ಯಾಟ್ ಹಾಸಿಕೊಂಡು, ಎರಡೂ ಪಾದಗಳನ್ನು ಅದರ ಮೇಲೆಯೇ ಇಟ್ಟು ಅಭ್ಯಾಸ ಮಾಡಬೇಕು.