ಪದ ಪರಿಚಯ: ಗುಳೆ ಹೋದ ಯೂನಿವರ್ಸಿಟಿ

ಪುಣೆಯಲ್ಲಿರುವ ನಮಗೆ ಗುಳೆ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಪತ್ರಾ (ತಗಡಿನ) ಶೆಡ್ಡುಗಳನ್ನು ದಿನಾ ನೋಡುತ್ತೇವೆ. "ಡಿಸ್‌ಪ್ಲೇಸ್ಡ್ ಯೂನಿವರ್ಸಿಟಿ" ಅನ್ನುವ ಮಾತು ಕೇಳಿದಾಗ ನನಗೆ ನೆನಪಾದದ್ದು ಆ ಶೆಡ್ಡುಗಳೇ. ಊರಿಗೆ ಯುದ್ಧ ಬಂದಾಗ ಬಾಗಿಲು ಹಾಕಿ ಕೂರದೆ, ಬೇರೆ ಊರಿಗೆ ಹೋಗಿ ಪಾಠ ಮುಂದುವರಿಸುವ ಯೂನಿವರ್ಸಿಟಿಗೆ ಹಾಗೆನ್ನುತ್ತಾರೆ. ನಾನಂತೂ ಗುಳೆ ಹೋದ ಯೂನಿವರ್ಸಿಟಿ ಅಂತಲೇ ಕರೆಯುತ್ತೇನೆ.

ಗುಳೆ ಹೋಗುವವರು ಪಾತ್ರೆ, ಹಾಸಿಗೆ ಗಂಟು ಕಟ್ಟುತ್ತಾರೆ. ಯೂನಿವರ್ಸಿಟಿ ಏನನ್ನು ಕಟ್ಟಿಕೊಳ್ಳಬೇಕು? ಕಟ್ಟಡ ಹೊರಲು ಆಗಲ್ಲ. ಹೋಗುವುದು ಮೇಷ್ಟ್ರು, ಹುಡುಗರು, ಜೊತೆಗೆ ಡಿಗ್ರಿ ಕೊಡುವ ಅಧಿಕಾರ. ಈ ಕೊನೆಯದು ಸಣ್ಣ ವಿಷಯ ಅಲ್ಲ. 2014ರಲ್ಲಿ ಉಕ್ರೇನಿನ ಡೊನೆಟ್ಸ್ಕ್ ಯೂನಿವರ್ಸಿಟಿ ವಿನಿತ್ಸಿಯಾಕ್ಕೆ ಹೋಗಿ, ಹಳೇ ವಜ್ರದ ಕಾರ್ಖಾನೆಯಲ್ಲಿ ಕ್ಲಾಸು ಶುರು ಮಾಡಿತು. ಅತ್ತ ಡೊನೆಟ್ಸ್ಕ್‌ನ ಕಟ್ಟಡದಲ್ಲಿ, ಊರನ್ನು ಹಿಡಿದಿದ್ದ ರಷ್ಯಾ ಬೆಂಬಲದ ಪ್ರತ್ಯೇಕತಾವಾದಿಗಳು ಅದೇ ಹೆಸರಿನಲ್ಲಿ ಇನ್ನೊಂದನ್ನು ನಡೆಸಿದರು. ಉಕ್ರೇನ್ ಸರ್ಕಾರ ಒಪ್ಪುವುದು ಗುಳೆ ಹೋದದ್ದರ ಡಿಗ್ರಿಯನ್ನು. ಲುಹಾನ್ಸ್ಕ್ ಮೆಡಿಕಲ್ ಯೂನಿವರ್ಸಿಟಿಯದಂತೂ ಎರಡೆರಡು ಗುಳೆ: 2014ರಲ್ಲಿ ರುಬಿಜ್ನೆಗೆ, 2022ರಲ್ಲಿ ಅಲ್ಲಿಂದಲೂ ಎದ್ದು ರಿವ್ನೆಗೆ.

ಇದು ಹೊಸದೇನಲ್ಲ. 1937ರಲ್ಲಿ ಜಪಾನ್ ದಾಳಿಯಾದಾಗ ಚೀನಾದ ಬೀಜಿಂಗ್‌ನ ಎರಡು, ಟಿಯಾಂಜಿನ್‌ನ ಒಂದು ಯೂನಿವರ್ಸಿಟಿ ಸೇರಿ ಮೊದಲು ಚಾಂಗ್‌ಶಾಕ್ಕೆ, ಮರುವರ್ಷ ಕುನ್‌ಮಿಂಗ್‌ಗೆ ಹೋದವು. ಸುಮಾರು 300 ಮಂದಿಯ ತಂಡವೊಂದು 68 ದಿನ ತೆಗೆದುಕೊಂಡು, ಹೆಚ್ಚಿನ ದಾರಿ ನಡೆದೇ ಅಲ್ಲಿಗೆ ತಲುಪಿತು. ಅಲ್ಲಿನ ಕ್ಲಾಸಿಗೂ ಪತ್ರಾ ಮಾಡು! ಜೋರು ಮಳೆ ಬಂದರೆ ಮೇಷ್ಟ್ರ ಮಾತೇ ಕೇಳಿಸುತ್ತಿರಲಿಲ್ಲ. 1957ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದ ಇಬ್ಬರೂ ಅಲ್ಲಿ ಓದಿದವರೇ. 1946ರಲ್ಲಿ ಮೂರೂ ತಮ್ಮ ತಮ್ಮ ಊರಿಗೆ ಮರಳಿದವು.

ಆನ್‌ಲೈನ್ ಪಾಠವನ್ನೂ ಗುಳೆ ಅನ್ನಬಹುದಾ? ನನಗೆ ಅನುಮಾನ. 2022ರಲ್ಲಿ ಉಕ್ರೇನಿನಿಂದ ವಾಪಸಾದ ನಮ್ಮ ಅಕ್ಕನ ಮಗ ಅಡುಗೆಮನೆ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ಅಲ್ಲಿ ಬೆಳಗ್ಗೆ 9, ಇಲ್ಲಿ ಮಧ್ಯಾಹ್ನ 12:30. ಆ ಕಡೆ ಸೈರನ್ ಕೂಗಿದರೆ ಮೇಡಂ ಕ್ಯಾಮೆರಾ ಆಫ್ ಮಾಡಿ ನೆಲಮಾಳಿಗೆಗೆ ಇಳಿಯುತ್ತಿದ್ದರು. ಅಷ್ಟರಲ್ಲಿ ಇವನ ಊಟ ಮುಗಿಯುತ್ತಿತ್ತು. ಮೇಲೆ ಬಂದ ಮೇಡಂ ಮತ್ತೆ ಮೊದಲಿನಿಂದ ಹಾಜರಿ ಕೂಗುತ್ತಿದ್ದರು.