ಮುಟ್ಟು ನಿಂತ ಮೇಲೆ ರಕ್ತನಾಳಕ್ಕೆ ಏನಾಗುತ್ತದೆ?

ನಾವು ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಉರು ಹೊಡೆದಿರುವ ಸಾಲು ಒಂದೇ: ಈಸ್ಟ್ರೋಜನ್ ಹೆಂಗಸರ ಹೃದಯ ಕಾಯುತ್ತದೆ, ಮುಟ್ಟು ನಿಂತರೆ ಆ ಕಾವಲು ಹೋಗುತ್ತದೆ. ಹಾಗಾದರೆ ಹಾರ್ಮೋನ್ ಮಾತ್ರೆ ಕೊಟ್ಟರೆ ಸರಿಹೋಗಬೇಕಿತ್ತಲ್ವಾ? ಹೋಗಲಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಿಕ್ಕಿಬೀಳುವುದೂ ಇಲ್ಲೇ.

ಈಸ್ಟ್ರೋಜನ್‌ನ ಮುಖ್ಯ ರೂಪವಾದ ಎಸ್ಟ್ರಾಡಯಾಲ್ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ನಾಳ ಸಡಿಲವಾಗುತ್ತದೆ. ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಅನ್ನು ಲಿವರ್ ಎಳೆದುಕೊಳ್ಳಲೂ ಅದು ನೆರವಾಗುತ್ತದೆ. ಅದಕ್ಕೇ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಎಲ್‌ಡಿಎಲ್ ಏರುತ್ತದೆ. ಹೆಂಗಸರಲ್ಲೂ ಸ್ವಲ್ಪ ಇರುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಮಾತ್ರ ಈಸ್ಟ್ರೋಜನ್ ಹಾಗೆ ದಿಢೀರನೆ ಕುಸಿಯುವುದಿಲ್ಲ. ತಕ್ಕಡಿ ಟೆಸ್ಟೋಸ್ಟಿರಾನ್ ಕಡೆ ವಾಲುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ 'ಮೆಸಾ' ಅಧ್ಯಯನದಲ್ಲಿ, ಎಸ್ಟ್ರಾಡಯಾಲ್‌ಗೆ ಹೋಲಿಸಿದರೆ ಟೆಸ್ಟೋಸ್ಟಿರಾನ್ ಜಾಸ್ತಿ ಇದ್ದ ಹೆಂಗಸರಲ್ಲಿ ಹೃದ್ರೋಗವೂ ಜಾಸ್ತಿ ಕಂಡಿತು. ಇದು ಬರೀ ನಂಟು, ಕಾರಣ ಅಂತ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಇನ್ನು ಮಾತ್ರೆಯ ವಿಷಯ. ಅಮೆರಿಕದ 'ಡಬ್ಲ್ಯೂಎಚ್‌ಐ' (ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್) ಪ್ರಯೋಗದ ಒಂದು ಭಾಗದಲ್ಲಿ ಮುಟ್ಟು ನಿಂತ 16,608 ಹೆಂಗಸರಿದ್ದರು, ಸರಾಸರಿ ವಯಸ್ಸು 63. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ ಹಾರ್ಮೋನ್) ಕೊಟ್ಟಿದ್ದ ಈ ಭಾಗವನ್ನು 2002ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಎಲ್ಲವೂ ಮಾತ್ರೆ ತಗೊಂಡವರಲ್ಲೇ ಜಾಸ್ತಿ ಇದ್ದವು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಆ 63. ಅಷ್ಟು ಹೊತ್ತಿಗೆ ಎಷ್ಟೋ ಜನರ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಾಗಿರುತ್ತದೆ.

2016ರ 'ಎಲೈಟ್' ಪ್ರಯೋಗ ಇದನ್ನೇ ಕೆದಕಿತು: ಹಾರ್ಮೋನ್ ಬೇಗ ಶುರು ಮಾಡಿದರೆ ಫಲ ಬೇರೆಯಾ? 643 ಹೆಂಗಸರು, ಎರಡು ಗುಂಪು: ಮುಟ್ಟು ನಿಂತು 6 ವರ್ಷ ತುಂಬದವರು, 10 ವರ್ಷ ದಾಟಿದವರು. ಅಳೆದದ್ದು ಕುತ್ತಿಗೆಯ ಕ್ಯಾರೋಟಿಡ್ ನಾಳದ ಗೋಡೆಯ ದಪ್ಪ; ಅದು ಬೇಗ ಏರುವುದು ನಾಳದ ರೋಗದ ಸೂಚನೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಆ ಗೋಡೆ ಎರಡು ಬಿಳಿ ಗೆರೆಯಾಗಿ ಕಾಣುತ್ತದೆ, ಅವುಗಳ ನಡುವಿನ ಅಂತರವೇ ಲೆಕ್ಕ. ಮೊದಲ ಗುಂಪಿನಲ್ಲಿ ಎಸ್ಟ್ರಾಡಯಾಲ್ ತಗೊಂಡವರಿಗೆ ವರ್ಷಕ್ಕೆ 0.0044 ಮಿ.ಮೀ. ದಪ್ಪವಾಯಿತು, ಬರೀ ಹುಸಿಮಾತ್ರೆ ತಗೊಂಡವರಿಗೆ 0.0078. ಎರಡನೇ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಆದರೆ ಹೃದಯದ ನಾಳಗಳ ಸಿಟಿ ಸ್ಕ್ಯಾನ್‌ನಲ್ಲಿ ಕೊಬ್ಬು ಕಟ್ಟಿದ್ದರ ಗುರುತಾದ ಕ್ಯಾಲ್ಸಿಯಂ ನೋಡಿದಾಗ ಮೊದಲ ಗುಂಪಿನಲ್ಲೂ ಲಾಭ ಕಾಣಲಿಲ್ಲ. ಅದಕ್ಕೇ ಹೃದಯಾಘಾತ ತಡೆಯಲಿ ಅಂತ ಸುಮ್ನೆ ಹಾರ್ಮೋನ್ ಬರೆಯುವುದಿಲ್ಲ. ಮೈ ಬಿಸಿಯೇರಿ ಬೆವರುವ ತೊಂದರೆಗೆ ಕೊಡುತ್ತಾರೆ.

ಬೆಂಗಳೂರಿನ ಒಪಿಡಿಗಳಲ್ಲಿ ಲಿಪಿಡ್ (ರಕ್ತದ ಕೊಬ್ಬಿನ) ರಿಪೋರ್ಟ್ ಹಿಡಿದು ಬರುವವರಿಗೆ ನಾವು ವಯಸ್ಸು ಕೇಳಿ ಮುಂದೆ ಹೋಗಿಬಿಡುತ್ತೇವೆ. 'ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮಾ?' ಅನ್ನುವುದನ್ನೂ ಕೇಸ್ ಶೀಟ್‌ಗೆ ಸೇರಿಸಿ.