ದಾರಿ ಕಂಡವರು ಬಾಯಿ ಬಿಡದಿದ್ದರೆ

ನಾನು ಮಂಡ್ಯದಲ್ಲಿ ವಕೀಲ. ಕಬ್ಬು ಕಡಿಯುವ ಕಾಲ ಬಂತೆಂದರೆ ಒಂದು ತಕರಾರು ತಪ್ಪದೆ ಬರುತ್ತದೆ. ಗದ್ದೆಗೆ ಹೋಗುವ ಗಾಡಿ ದಾರಿಗೆ ಪಕ್ಕದವರು ಬೇಲಿ ಹಾಕಿರುತ್ತಾರೆ. ಟ್ರ್ಯಾಕ್ಟರ್ ಒಳಗೆ ಹೋಗುವಂತಿಲ್ಲ. ಕಡಿದ ಕಬ್ಬು ಬಿದ್ದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ.

ಈ ರೈತನಿಗೆ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಆಸರೆ. ಈಸ್‌ಮೆಂಟ್ ಎಂದರೆ ಇನ್ನೊಬ್ಬರ ಜಮೀನನ್ನು ದಾರಿಯಂಥ ಕೆಲಸಕ್ಕೆ ಬಳಸುವ ಹಕ್ಕು. ಖಾಸಗಿ ಜಮೀನಿನ ಮೇಲೆ 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ಯಾರ ಅಪ್ಪಣೆಯೂ ಕೇಳದೆ, ಹಕ್ಕಿನಿಂದ ಓಡಾಡಿದ್ದರೆ ಆ ದಾರಿಯಲ್ಲಿ ಓಡಾಡುವ ಹಕ್ಕು ಅವನದು. ಅಡ್ಡಿಯಾದ ಎರಡು ವರ್ಷದೊಳಗೆ ದಾವೆ ಹಾಕಬೇಕು, ಇದನ್ನು ಮರೆಯಬೇಡಿ. ಆದರೆ ಓಡಾಡಿದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಪಹಣಿ ನೋಡಿದರೆ ಗೊತ್ತಾಗುವುದಿಲ್ಲ. ಕೋರ್ಟ್ ಕಳಿಸಿದ ಕಮಿಷನರ್ ಬಂದು ಸ್ಥಳ ನೋಡಿದರೂ ಇವತ್ತಿನ ಗಾಡಿ ಜಾಡು ಕಾಣಬಹುದು, 20 ವರ್ಷದ ಹಿಂದಿನದಲ್ಲ. ಕಂಡಿರುವವರು ಅಕ್ಕಪಕ್ಕದ ಗದ್ದೆಯವರು ಮಾತ್ರ.

ಅವರನ್ನು ಕೇಳಿದರೆ, "ನಮಗ್ಯಾಕೆ ಸಾರ್ ಊರ ಉಸಾಬರಿ" ಅನ್ನುತ್ತಾರೆ. ಬೇಲಿ ಹಾಕಿದವನು ಬಲವಾಗಿದ್ದರೆ ಇನ್ನೂ ಕಷ್ಟ. ಕೆಲವರು ಆ ಕಡೆಯಿಂದ ಸಾಕ್ಷಿಗೆ ಬಂದು, ಅಲ್ಲಿ ದಾರಿಯೇ ಇರಲಿಲ್ಲ ಎಂದು ಹೇಳಿ ಹೋಗುತ್ತಾರೆ. ದಾಖಲೆ ಇರುವವನು ಸುಳ್ಳಿನ ನಡುವೆಯೂ ಹೇಗೋ ಬಚಾವಾಗುತ್ತಾನೆ. ಬಾಯಿ ಮಾತಿನ ಪಾಲು, ಪತ್ರವಿಲ್ಲದ ಕೈಸಾಲ, ಓಡಾಡಿದ ದಾರಿ, ಇಷ್ಟೇ ಇರುವವನು ಏನು ಮಾಡಬೇಕು? ಸಾಕ್ಷಿಯ ಮಾತಿಗೆ ಬೆಲೆ ಹೋದಾಗ ಮೊದಲು ಸೋಲುವವನು ಅವನೇ. ನನಗೆ ಸಂಕಟವಾಗುವುದು ಇಲ್ಲಿ.

ಹಳೆಯ ಸಾಕ್ಷ್ಯ ಕಾಯ್ದೆಯ 134ನೇ ಸೆಕ್ಷನ್, ಒಂದು ಸಂಗತಿ ರುಜುವಾತಾಗಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದಿಲ್ಲ ಎನ್ನುತ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ನಂಬುವಂಥ ಒಬ್ಬನೇ ಸಾಕ್ಷಿ ಸಾಕಾಗಬಹುದು. ಎಷ್ಟು ದೊಡ್ಡ ನಂಬಿಕೆ ಅಲ್ವಾ ಅದು! ಇನ್ನೊಂದು ಕಡೆ, ಸಾಕ್ಷಿ ಒಂದು ಸುಳ್ಳು ಹೇಳಿದ ಮಾತ್ರಕ್ಕೆ ಅವನ ಪೂರ್ತಿ ಹೇಳಿಕೆ ತಳ್ಳಿಹಾಕಬೇಕಿಲ್ಲ, ಹೊಟ್ಟು ತೂರಿ ಕಾಳು ಉಳಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. ಉತ್ಪ್ರೇಕ್ಷೆ ಇಲ್ಲದ ಸಾಕ್ಷಿ ಸಿಗುವುದೇ ಅಪರೂಪ ಎಂಬುದು ಅದಕ್ಕೆ ಕೊಟ್ಟ ಕಾರಣ. ಸುಳ್ಳಿಗೆ ಹೊಂದಿಕೊಂಡೇ ನ್ಯಾಯ ನಡೆಯಬೇಕಾಗಿದೆ.

ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ ಜೈಲು ಎಂದು ಕಾನೂನಿದೆ. ಆದರೆ ಎದುರಾಳಿ ನೇರವಾಗಿ ಕೇಸು ಹಾಕುವಂತಿಲ್ಲ, ಕೋರ್ಟೇ ದೂರು ಕೊಡಬೇಕು. ಅದು ಆಗುವುದು ಬಹಳ ಕಡಿಮೆ, ಹಾಗಾಗಿ ಭಯವಿಲ್ಲ. ಮಾದಪ್ಪನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡು ಎಂದರೆ ಹಿಂಜರಿಯುವವನು ಕಟಕಟೆಯಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡಿ ಸಲೀಸಾಗಿ ಸುಳ್ಳು ಹೇಳುತ್ತಾನೆ.

ಇದರಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. 2002ರಿಂದ ಸಿವಿಲ್ ಕೇಸುಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ, ಅಂದರೆ ಕರೆದವರ ಪರವಾಗಿ ಅವನು ಮೊದಲು ಹೇಳುವ ಮಾತು, ಅಫಿಡವಿಟ್ ಎಂಬ ಬರೆದ ಪ್ರಮಾಣಪತ್ರದ ಮೂಲಕವೇ ಬರುತ್ತದೆ. ಸಮಯ ಉಳಿಯಲಿ ಎಂದು ತಂದ ಬದಲಾವಣೆ, ಸರಿ. ಆದರೆ ಟೈಪ್ ಮಾಡಿಸುವವರು ವಕೀಲರು, ಸಹಿ ಹಾಕುವವನು ಸಾಕ್ಷಿ. ಎಷ್ಟೋ ಜನ ಓದದೆ ಸಹಿ ಹಾಕುತ್ತಾರೆ. ಪಾಟಿ ಸವಾಲಿನಲ್ಲಿ ಎದುರು ಕಡೆಯ ವಕೀಲರು "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದಾಗ ತಬ್ಬಿಬ್ಬಾಗುತ್ತಾರೆ. ನಿಜವನ್ನೇ ಹೇಳಲು ಬಂದವನೂ ಅಲ್ಲಿ ಸುಳ್ಳುಗಾರನಂತೆ ಕಾಣುತ್ತಾನೆ.

ನಿಮ್ಮನ್ನು ಯಾರಾದರೂ ಸಾಕ್ಷಿಗೆ ಕರೆದರೆ ದಯವಿಟ್ಟು ಹೋಗಿ. ಸಹಿ ಹಾಕುವ ಮುಂಚೆ ಇಡೀ ಅಫಿಡವಿಟ್ಟನ್ನು ಕನ್ನಡದಲ್ಲಿ ಓದಿಸಿಕೊಳ್ಳಿ. ನೀವು ಕಣ್ಣಾರೆ ಕಾಣದ ಸಂಗತಿಯ ಸಾಲು ಇದ್ದರೆ ಹೊಡೆದುಹಾಕಿಸಿ, ವಕೀಲರು ಗೊಣಗಿದರೂ ಬಿಡಬೇಡಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ ಸ್ವಾಮಿ" ಎಂದರೆ ಸಾಕು, ಆ ಉತ್ತರದಿಂದ ಕೇಸು ಬಿದ್ದುಹೋಗುವುದಿಲ್ಲ.